ಅವಳು ಆರಿಸಿದ ಬ್ರಷ್

ನಾನು ಮನೆಗಳಿಗೆ ಬಣ್ಣ ಬಳಿಯುವವನು. ಹೊರಗೋಡೆಯ ಕೆಲಸ ಹೆಚ್ಚು ಹಿಡಿಯುವುದಿಲ್ಲ. ಒಳಗಿನ ಗೋಡೆ, ಸೂರು, ಕಿಟಕಿ ಬಾಗಿಲು, ಇಷ್ಟೇ. ಮನೆ ಹೊಸದುರ್ಗದಲ್ಲಿ. ಕೆಲಸ ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ, ಎಲ್ಲಿ ಕರೆದರೆ ಅಲ್ಲಿ. ಎಸ್ಸೆಸ್ಸೆಲ್ಸಿ ಮುಗಿದ ವರ್ಷ ಅಪ್ಪನ ಹಿಂದೆ ಸುಣ್ಣದ ಬಕೆಟ್ ಹಿಡಿದು ಹೊರಟವನು ಇವತ್ತಿಗೂ ಅದೇ ಕೆಲಸದಲ್ಲಿದ್ದೇನೆ. ಓದುವ ಹುಚ್ಚು ಮಾತ್ರ ಬಿಡಲಿಲ್ಲ. ಬಣ್ಣ ಚೆಲ್ಲದಿರಲಿ ಎಂದು ನೆಲಕ್ಕೆ ಹಾಸುವ ಹಳೆಯ ಪೇಪರುಗಳನ್ನು ಕೂಡ ಓದದೆ ಹಾಸಿದವನಲ್ಲ. ಇದನ್ನು ಬರೆಯುವ ಧೈರ್ಯ ಬಂದದ್ದು ಆ ಓದಿನಿಂದಲೇ ಇರಬೇಕು.

ಬರೆಯಬೇಕಾಗಿರುವುದು ನನ್ನ ಹೆಂಡತಿಯ ವಿಷಯ.

ಅವಳು ನನ್ನ ಸೋದರಮಾವನ ಮಗಳು. ಹಿರಿಯೂರಿನ ಕಡೆ ಒಂದು ಹಳ್ಳಿ, ಕುರಿ ಸಾಕುವ ಮನೆ. ಉಣ್ಣೆ ಕತ್ತರಿಸಿದ ದಿನ ರಾಶಿಯ ಮುಂದೆ ಕೂತು ಮೆದುವಾದದ್ದನ್ನು, ಒರಟಾದದ್ದನ್ನು, ಕಂಬಳಿಗೆ ಬರುವುದನ್ನು, ಬಾರದ್ದನ್ನು ಬೇರೆ ಬೇರೆ ಮಾಡುವುದು ಚಿಕ್ಕಂದಿನಿಂದ ಅವಳ ಪಾಲಿನ ಕೆಲಸ. ಒಂದು ಎಳೆಯನ್ನು ಎರಡು ಬೆರಳಿನಲ್ಲಿ ಹೊಸೆದರೆ ಸಾಕು, ಮರಿಯದೋ ಮುದಿ ಕುರಿಯದೋ ಹೇಳಿಬಿಡುತ್ತಿದ್ದಳು. ನನ್ನನ್ನು ಮೊದಲಿನಿಂದಲೂ ಮಾವ ಎಂದು, ಏಕವಚನದಲ್ಲೇ ಕರೆದವಳು. ಮದುವೆಯಾದ ಮೇಲೆ ನಮ್ಮವ್ವ ಒಂದೆರಡು ಸಲ ಗದರಿದಳು.

"ಗಂಡನ್ನ ಹೋಗು ಬಾ ಅಂತೀಯಲ್ಲೇ, ಕೇಳ್ದೋರು ಏನಂದಾರು?"

"ಈಗ ಬ್ಯಾರೆ ಥರ ಕರಿಯಾಕೆ ಹೋದ್ರೆ ನಂಗೆ ನಗು ಬತ್ತೈತೆ ಅತ್ತೆ" ಎಂದಳು. ನಮ್ಮವ್ವನೂ ನಕ್ಕು ಸುಮ್ಮನಾದಳು.

ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತರೆ ಅದೇ ಯೋಚನೆ ಬರುತ್ತದೆ ಎಂದು ಒಂದು ಬೆಳಿಗ್ಗೆ ಅವಳೇ ತಲೆಗೆ ಟವೆಲ್ ಕಟ್ಟಿಕೊಂಡು ನನ್ನ ಜೊತೆ ಕೆಲಸಕ್ಕೆ ಹೊರಟಳು. ಮೊದಮೊದಲು ಹಳೆಯ ಬಣ್ಣ ಕೆರೆಯುವುದು, ಉಜ್ಜುವ ಕಾಗದದಿಂದ ಗೋಡೆ ತಿಕ್ಕುವುದು, ನೆಲ ಒರೆಸುವುದು ಮಾಡಿದಳು. ಹೆಂಗಸರಿಗೆ ನಮ್ಮ ಕೆಲಸದಲ್ಲಿ ಅಷ್ಟೇ ಕೊಡುತ್ತಿದ್ದರು, ನಾನೂ ಅಷ್ಟೇ ಕೊಟ್ಟೆ.

ಒಂದು ದಿನ ಹೊಸದುರ್ಗದ ಪೇಟೆಯಲ್ಲಿ ನಾವು ಯಾವಾಗಲೂ ಹೋಗುವ ಹಾರ್ಡ್‌ವೇರ್ ಅಂಗಡಿಗೆ ಇಬ್ಬರೂ ಹೋದೆವು. ಒಬ್ಬ ಮೇಷ್ಟ್ರ ಮನೆಯ ಕೋಣೆಗೆ ಬಳಿಯಲು ರೋಲರ್ ಬೇಕಿತ್ತು. ನಾನು ಒಂದನ್ನು ತೆಗೆದುಕೊಂಡು ಪಕ್ಕಕ್ಕೆ ಇಟ್ಟೆ. ಅವಳು ಅದನ್ನು ಎತ್ತಿಕೊಂಡಳು. ಕುರಿಯ ಮೈಯಲ್ಲಿ ಉಣ್ಣಿ ಹುಡುಕುವವರ ಹಾಗೆ ರೋಲರಿನ ಮೇಲಿನ ಉಣ್ಣೆಯಂಥ ಜುಂಗನ್ನು ಹೆಬ್ಬೆರಳಿನಿಂದ ಸೀಳಿ ಸೀಳಿ ನೋಡಿದಳು.

"ಮಾವ, ಇದು ಬ್ಯಾಡ. ಹೊಲಿಗೆ ಮ್ಯಾಲೆದ್ದೈತೆ. ಗೋಡೆ ಮ್ಯಾಲೆ ಸುತ್ತಿಗೊಂದು ಗೆರೆ ಬೀಳ್ತೈತೆ."

ಅಂಗಡಿಯ ಸಾಹುಕಾರರು ವಯಸ್ಸಾದವರು, ತಮಾಷೆಯ ಮನುಷ್ಯ. "ಏನವ್ವ, ಕುರಿ ವ್ಯಾಪಾರಕ್ಕೆ ಬಂದೀಯಾ?" ಎಂದರು.

"ಕುರಿನೂ ಹಿಂಗೇ ನೋಡಿ ತಗಾಬೇಕು ಸಾಹುಕಾರ್ರೆ. ಮ್ಯಾಲೆ ದಪ್ಪ ಕಾಣ್ತೈತೆ ಅಂತ ತಗಂಡ್ರೆ ಒಳಗೆ ಏನೂ ಇರಲ್ಲ."

ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ನನಗೆ ಅವಮಾನವಾದಂತಾಗಿ ನಾನು ಆರಿಸಿದ್ದನ್ನೇ ತಂದೆ. ಮೇಷ್ಟ್ರ ಕೋಣೆಯಲ್ಲಿ ಬಣ್ಣ ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಗೋಡೆಯುದ್ದಕ್ಕೂ ಗೆರೆಗಳು ಕಂಡವು, ಅವಳು ಹೇಳಿದ ಹಾಗೇ. ಪೂರ್ತಿ ಉಜ್ಜಿ ಮತ್ತೆ ಬಳಿದೆವು. ಅವಳು ಕಾಗದ ಮಡಚಿ ಉಜ್ಜುತ್ತಾ ಆಗಾಗ ನನ್ನ ಮುಖ ನೋಡಿ ತುಟಿ ಕಚ್ಚಿ ನಗು ತಡೆದುಕೊಳ್ಳುತ್ತಿದ್ದಳು.

ಅಂದಿನಿಂದ ನಮ್ಮ ಸಾಮಾನುಗಳನ್ನೆಲ್ಲ ಅವಳೇ ಆರಿಸಿದಳು. ನಾನು ಅಂಗಡಿಯ ಹೊರಗೆ ಬೈಕಿನ ಮೇಲೆ ಕೂತಿರುತ್ತಿದ್ದೆ.

ಅವಳು ಬ್ರಷ್ ನೋಡುವ ರೀತಿಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೊದಲು ಕೂದಲನ್ನು ಅಂಗೈಗೆ ಒತ್ತಿ ಬಾಗಿಸಿ ಬಿಡುವಳು. ಬಾಗಿದ್ದು ಹಾಗೇ ಉಳಿದರೆ ಕೆಳಗಿಡುವಳು, ಸಟ್ಟನೆ ನೆಟ್ಟಗಾದರೆ ಮುಂದಿನ ಪರೀಕ್ಷೆ. ತುದಿಯನ್ನು ಕೆನ್ನೆಗೆ ಸವರಿಕೊಳ್ಳುವಳು. ಒಳ್ಳೆಯ ಬ್ರಷ್ಷಿನ ಕೂದಲಿನ ತುದಿ ಸಣ್ಣಗೆ ಸೀಳಿರುತ್ತದೆ, ಬಣ್ಣ ಹಿಡಿದಿಟ್ಟುಕೊಳ್ಳುವುದು ಆ ಸೀಳು. ಅದು ಕಣ್ಣಿಗೆ ಕಾಣುವುದಕ್ಕಿಂತ ಕೆನ್ನೆಗೆ ಚೆನ್ನಾಗಿ ತಿಳಿಯುತ್ತದೆ ಎನ್ನುತ್ತಿದ್ದಳು. ಆಮೇಲೆ ನಾಲ್ಕು ಕೂದಲು ಹಿಡಿದು ಎಳೆಯುವಳು. ಕಿತ್ತು ಬಂದರೆ ಸಾಹುಕಾರರ ಮುಂದೆ ಮೇಜಿನ ಮೇಲೆ ಇಡುವಳು. ಸಾಹುಕಾರರು ಬರಬರುತ್ತಾ ಹೊಸ ಮಾಲು ಬಂದಾಗ ಅವಳಿಗೇ ಹೇಳಿ ಕಳಿಸತೊಡಗಿದರು. "ಒಂದ್ಸಲ ಮುಟ್ಟಿ ನೋಡವ್ವ, ನೀನು ಬ್ಯಾಡ ಅಂದಿದ್ದನ್ನ ವಾಪಸ್ ಕಳಿಸ್ತೀನಿ" ಎನ್ನುತ್ತಿದ್ದರು.

ಪುಟ್ಟಿ ಹಾಕಿ ನುಣ್ಣಗೆ ಮಾಡಿದ ಗೋಡೆಗೆ ಗಿಡ್ಡ ಜುಂಗಿನ ರೋಲರ್, ಒರಟು ಗಾರೆಯ ಗೋಡೆಗೆ ಉದ್ದ ಜುಂಗಿನದು. ಸೂರಿಗೆ ಮಾತ್ರ ತೀರಾ ಉದ್ದದ್ದನ್ನು ಅವಳು ಕೊಳ್ಳುತ್ತಿರಲಿಲ್ಲ. "ಜಾಸ್ತಿ ಬಣ್ಣ ಕುಡಿದು ತಲೆ ಮ್ಯಾಲೆ ಸುರೀತೈತೆ" ಎನ್ನುವಳು. ರೋಲರಿನ ಕೋಲನ್ನು ನನ್ನ ಪಕ್ಕ ನಿಲ್ಲಿಸಿ ಅಳೆದು ನೋಡಿ ಉದ್ದನೆಯದನ್ನೇ ಆರಿಸುವಳು. ಕೋಲು ಗಿಡ್ಡವಾದರೆ ರೋಲರಿನ ನೇರ ಕೆಳಗೇ ನಿಂತು ದಿನವಿಡೀ ಕತ್ತು ಮೇಲೆತ್ತಬೇಕಾಗುತ್ತದೆ. "ನಿನ್ನ ಕತ್ತು ಹೋದ್ರೆ ನಾನು ಯಾರ ಮುಖ ನೋಡ್ಲಿ?" ಎಂದಿದ್ದಳು ಒಮ್ಮೆ.

ಗೋಡೆಯೂ ಸೂರೂ ಸೇರುವ ಗೆರೆಯನ್ನು ತುಂಬುವುದು ಅವಳ ಕೆಲಸವಾಯಿತು. ಬೇರೆಯವರು ಅಲ್ಲಿ ಟೇಪು ಅಂಟಿಸುತ್ತಾರೆ. ಅವಳು ಓರೆಯಾಗಿ ಕತ್ತರಿಸಿದ ಎರಡಿಂಚಿನ ಬ್ರಷ್ ಹಿಡಿದು, ಉಸಿರು ಬಿಗಿ ಹಿಡಿದು, ಒಂದೇ ಸಲಕ್ಕೆ ಎಳೆದುಬಿಡುತ್ತಿದ್ದಳು. ಚಿತ್ರದುರ್ಗದಲ್ಲಿ ಒಬ್ಬ ಮನೆಯಾಕೆ ಆ ಗೆರೆಯನ್ನು ನೋಡಿ, "ಮುಂದಿನ ಸಲ ನೀನು ಬರದಿದ್ರೂ ಪರವಾಗಿಲ್ಲಪ್ಪ, ಅವಳನ್ನ ಕಳಿಸು" ಎಂದು ನನಗೇ ಹೇಳಿದ್ದರು. ಬೈಕಿನಲ್ಲಿ ಊರಿಗೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ಹೇಳಿ ಹೇಳಿ ನನ್ನ ಬೆನ್ನಿಗೆ ಹಣೆ ಒತ್ತಿಕೊಂಡು ನಕ್ಕಿದ್ದಳು.

ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಿಂದ ಕೆಲಸ ಬಂತು. ಹಳೆಯ ಮಾಳಿಗೆ ಮನೆ, ಮೇಲೆ ಮಣ್ಣು, ಕೆಳಗೆ ಮರದ ತೊಲೆ, ಜಂತೆ. ಮನೆಯ ಯಜಮಾನಿ ಅಜ್ಜಿ. ಅಂಗಡಿಯ ಬಣ್ಣ ತನ್ನ ಗೋಡೆಗೆ ಬೇಡ, ಸುಣ್ಣವೇ ಆಗಬೇಕು ಎಂದು ಪಟ್ಟು ಹಿಡಿದಿದ್ದಳು. ಸುಣ್ಣದ ಕೆಲಸ ನಾವು ಬಿಟ್ಟು ಬಹಳ ದಿನವಾಗಿತ್ತು. ಆದರೂ ಒಪ್ಪಿಕೊಂಡೆವು.

ಸುಣ್ಣಕ್ಕೆ ನಾರಿನ ಬ್ರಷ್ ಬೇಕು. ನಾರಿನ ಕಟ್ಟನ್ನು ಮರದ ಹಿಡಿಗೆ ತಂತಿಯಿಂದ ಬಿಗಿದಿರುತ್ತಾರೆ. ಅವಳು ಅಂಗಡಿಯಲ್ಲಿ ಒಂದು ಕೈಯಲ್ಲಿ ಹಿಡಿಯನ್ನು, ಇನ್ನೊಂದರಲ್ಲಿ ನಾರಿನ ತಲೆಯನ್ನು ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ ನೋಡಿದಳು. ಏಳೆಂಟನ್ನು ಬಿಟ್ಟು ಒಂದನ್ನು ತಂದಳು. ಅದು ಸಾಲದೆಂದು ಮನೆಗೆ ಬಂದ ಮೇಲೆ ತಂತಿಯ ಮೇಲೆ ತನ್ನ ತವರಿನಿಂದ ತಂದಿದ್ದ ಉಣ್ಣೆಯ ಹುರಿಯನ್ನು ಸುತ್ತಿ ಹಲ್ಲಿನಿಂದ ಎಳೆದು ಗಂಟು ಹಾಕಿದಳು. ನಾರು ಮೆತ್ತಗಾಗಲಿ ಎಂದು ಹಿತ್ತಲಿನ ಬಕೆಟಿನಲ್ಲಿ ನೀರಿಗೆ ಹಾಕಿಟ್ಟಳು.

ಮಾರನೆಯ ದಿನ ಅವಳು ರೇಷನ್ ಅಂಗಡಿಯಲ್ಲಿ ಬೆರಳು ಒತ್ತಿ ಅಕ್ಕಿ ತರಬೇಕಿತ್ತು. "ನೀನು ಹೋಗಿ ಸುಣ್ಣ ಕಲಸಿ ಶುರು ಮಾಡು ಮಾವ, ನಾನು ಬಸ್ಸಿಗೆ ಬತ್ತೀನಿ" ಎಂದಳು. ನಾನು ಸಾಮಾನನ್ನೆಲ್ಲ ಬೈಕಿಗೆ ಕಟ್ಟಿಕೊಂಡು ಹೊರಟೆ. ಹೊಳಲ್ಕೆರೆ ತಲುಪಿ ಟೀ ಕುಡಿಯುವಾಗ ನೆನಪಾಯಿತು, ನಾರಿನ ಬ್ರಷ್ ಹಿತ್ತಲಿನ ಬಕೆಟಿನಲ್ಲೇ ಉಳಿದಿತ್ತು.

ವಾಪಸ್ ಹೋಗಿ ತರಬಹುದಿತ್ತು. ಅವಳಿಗೆ ಫೋನ್ ಮಾಡಿ, ಬಸ್ಸಿಗೆ ಬರುವಾಗ ತಗೊಂಡು ಬಾ ಎನ್ನಬಹುದಿತ್ತು. ಹಾಗೆಂದರೆ ಅವಳು ನಗುತ್ತಾಳೆ, ಒಂದು ವಾರ ಅದನ್ನೇ ಆಡಿಕೊಳ್ಳುತ್ತಾಳೆ ಎಂದುಕೊಂಡೆ. ಬಸ್‌ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಗೆ ಹೋಗಿ, ತೂಗುಹಾಕಿದ್ದ ನಾರಿನ ಬ್ರಷ್ಷುಗಳಲ್ಲಿ ಕೈಗೆ ಸಿಕ್ಕ ಒಂದನ್ನು ಕೊಂಡೆ. ತಿರುಚಿ ನೋಡಲಿಲ್ಲ.

ಅವಳು ಬರುವ ಹೊತ್ತಿಗೆ ನಾನು ಹಲಗೆಯ ಮೇಲೆ ಹತ್ತಿ ಎರಡು ತೊಲೆಗಳ ನಡುವಿನ ಒಂದು ಅಂಕಣದ ಸೂರನ್ನು ಮುಗಿಸಿದ್ದೆ. ಬ್ರಷ್ ಪೂರ್ತಿ ಸುಣ್ಣದಲ್ಲಿ ಮುಳುಗಿ ಬೆಳ್ಳಗಾಗಿತ್ತು. ಯಾವ ಬ್ರಷ್ ಎಂದು ತಿಳಿಯುವಂತಿರಲಿಲ್ಲ. ಅವಳು ಸೆರಗು ಸಿಕ್ಕಿಸಿ ಆ ಕಡೆಯ ಮೂಲೆಯಲ್ಲಿ ಗೋಡೆ ಕೆರೆಯಲು ಕೂತಳು. ಅಜ್ಜಿ ನಮಗೆ ಮಜ್ಜಿಗೆ ತಂದಿಟ್ಟು ಹೋದಳು.

ಕಪ್ಪು ತೊಲೆಗಳ ನಡುವೆ ಸುಣ್ಣ ಒಣಗುತ್ತಾ ಬೆಳ್ಳಗೆ ಏಳುತ್ತಿತ್ತು. ಎಷ್ಟೋ ವರ್ಷದ ಮೇಲೆ ಆ ಬಿಳುಪು ನೋಡಿ ನನಗೆ ಖುಷಿಯಾಯಿತು. ಅವಳಿಗೂ ತೋರಿಸಬೇಕು ಅನ್ನಿಸಿತು.

"ಬಾರೇ ಇಲ್ಲಿ. ಒಂದ್ಸಲ ಮ್ಯಾಲೆ ನೋಡು."

ಅವಳು ಕೈ ಕೊಡವಿಕೊಂಡು ಬಂದಳು. ಹಲಗೆಯ ಕೆಳಗೆ ನಿಂತು ಮುಖ ಮೇಲೆತ್ತಿದಳು. "ಹ್ಞೂಂ ಮಾವ, ಹಾಲು ಹಾಲು..." ಎನ್ನುತ್ತಿದ್ದಳು. ನಾನು ಬ್ರಷ್ಷನ್ನು ಬಕೆಟಿನಲ್ಲಿ ಅದ್ದಿ ಮೇಲೆತ್ತಿದೆ. ಹಿಡಿ ನನ್ನ ಕೈಯಲ್ಲೇ ಉಳಿಯಿತು. ನಾರಿನ ತಲೆ ತಂತಿಯಿಂದ ಜಾರಿ, ಕುಡಿದಿದ್ದ ಸುಣ್ಣದ ಸಮೇತ ಅವಳ ಮುಖದ ಮೇಲೆ ಬಿತ್ತು.

ಅವಳು ಕಿರುಚಿದ್ದನ್ನು ನಾನು ಬರೆಯಲಾರೆ.

ಅಜ್ಜಿ ಓಡಿ ಬಂದಳು. ಹಂಡೆಯ ನೀರನ್ನು ತಂಬಿಗೆಯಲ್ಲಿ ಮೊಗೆದು ಮೊಗೆದು ಹಾಕಿದೆವು. ಅವಳು ರೆಪ್ಪೆ ಬಿಡಿಸಲಾರಳು, ನಾನು ಬಲವಂತವಾಗಿ ಬಿಡಿಸಲಾರೆ. ಬೇಗ ಆಸ್ಪತ್ರೆಗೆ ಒಯ್ಯಬೇಕೆಂಬ ಗಾಬರಿಯಲ್ಲಿ ಐದೇ ನಿಮಿಷಕ್ಕೆ ನೀರು ಹಾಕುವುದನ್ನು ನಿಲ್ಲಿಸಿ ಆಟೋ ಹುಡುಕಲು ಓಡಿದೆ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು, "ಬಿದ್ದ ಜಾಗದಲ್ಲೇ ಇನ್ನೂ ತುಂಬ ಹೊತ್ತು ತೊಳೀಬೇಕಿತ್ತು. ಸುಣ್ಣ ಒಳಗೆ ಕೂತು ಸುಡ್ತಾನೇ ಇರುತ್ತೆ" ಎಂದರು. ಬಯ್ಯುವ ದನಿಯಲ್ಲೇನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಅವಳ ಬಟ್ಟೆ ತರಲು ಹೊಸದುರ್ಗದ ಮನೆಗೆ ಬಂದೆ. ಹಿತ್ತಲಿಗೆ ಹೋದರೆ ಬಕೆಟಿನಲ್ಲಿ ಆ ಬ್ರಷ್ ಹಾಗೇ ಇತ್ತು. ನಾರು ನೀರು ಕುಡಿದು ಮೆತ್ತಗೆ ಉಬ್ಬಿತ್ತು. ಹುರಿಯ ಗಂಟು ಇನ್ನಷ್ಟು ಬಿಗಿದುಕೊಂಡಿತ್ತು. ಹಿಡಿಯನ್ನೂ ತಲೆಯನ್ನೂ ಹಿಡಿದು ತಿರುಚಿದೆ. ಕೂದಲಷ್ಟೂ ಅಲುಗಲಿಲ್ಲ. ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅದನ್ನು ಎಸೆಯಲು ಕೈ ಬರಲಿಲ್ಲ. ಒಂದು ಗೋಣಿಚೀಲದಲ್ಲಿ ಸುತ್ತಿ ಅಡುಗೆಮನೆಯ ಅಟ್ಟದ ಮೇಲೆ ಹಳೆಯ ಪಾತ್ರೆಗಳ ಹಿಂದೆ ತಳ್ಳಿದೆ.

ಅವಳ ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿನಲ್ಲಿ ಬೆಳಕು ಎಲ್ಲಿದೆ, ಎದುರಿಗೆ ಯಾರೋ ನಿಂತಿದ್ದಾರೆ ಎನ್ನುವಷ್ಟು ಉಳಿಯಿತು. ಬೆಂಗಳೂರಿಗೂ ಒಂದು ಸಲ ಹೋಗಿ ಬಂದೆವು. ಅದಕ್ಕಿಂತ ಹೆಚ್ಚು ಆಗುವುದಿಲ್ಲ ಎಂದರು.

ಮನೆಗೆ ಬಂದ ಮೊದಲ ವಾರವೇ ಅವಳು ಆ ಮಾತು ಆಡಿದಳು. ನಾನು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ.

"ತಪ್ಪು ನಂದೇ ಮಾವ. ಅವತ್ತು ಅಂಗಡ್ಯಾಗೆ ಸರಿಯಾಗಿ ತಿರುಚಿ ನೋಡಿಲ್ಲ ಅನ್ಸತೈತೆ. ಹುರಿ ಬ್ಯಾರೆ ಸುತ್ತಿದ್ದೆ. ಆದ್ರೂ ಹೆಂಗೆ ಜಾರ್ತು? ಗಂಟು ಸಡಿಲ ಹಾಕಿದ್ನೇನೋ."

ಆ ಕ್ಷಣ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಕೂಡ. ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡು, "ನೀನು ಬೇಜಾರು ಮಾಡ್ಕಬ್ಯಾಡ, ನೀನು ಪ್ರೀತಿಯಿಂದ ಕರೆದೆ, ನಾನು ಬಂದೆ" ಎಂದಳು. ಅಷ್ಟಾದ ಮೇಲೆ ನನಗೆ ಹೇಳಲಾಗಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಮಾರನೆಯ ದಿನವೂ ಹಾಗೇ ಅಂದುಕೊಂಡೆ.

ಒಂದೂವರೆ ವರ್ಷ ಹಾಗೇ ಕಳೆಯಿತು.

ಅಷ್ಟು ದಿನದಲ್ಲಿ ಅವಳು ಸುಮ್ಮನೆ ಕೂರಲಿಲ್ಲ. ಒಲೆಯ ಮುಂದೆ ಕೈಯಾಡಿಸುವುದನ್ನು ಕಲಿತಳು. ನನ್ನ ಜೊತೆ ಕೆಲಸಕ್ಕೂ ಬಂದಳು. ಮೂಲೆಯಲ್ಲಿ ಬಣ್ಣದ ಖಾಲಿ ಡಬ್ಬಿಯ ಮೇಲೆ ಕೂತು ರೋಲರಿನ ಸದ್ದು ಕೇಳುವಳು. ಬಣ್ಣವಿರುವ ರೋಲರ್ ಚಪಚಪ ಎನ್ನುತ್ತದೆ, ಒಣಗಿದ್ದು ಚರಚರ ಎನ್ನುತ್ತದೆ. "ಒಣಗ್ತು ಮಾವ, ಅದ್ದು" ಎನ್ನುವಳು. ಹತ್ತಕ್ಕೆ ಹತ್ತು ಸಲವೂ ಸರಿಯಿರುತ್ತಿತ್ತು. ಸೂರಿನ ಅಂಚು ತುಂಬುವ ಹೊತ್ತಿಗೆ ಮಾತ್ರ ಏನಾದರೂ ನೆಪ ಹೇಳಿ ಹೊರಗೆ ಹೋಗಿ ನಿಲ್ಲುತ್ತಿದ್ದಳು. ಆ ಕೆಲಸಕ್ಕೆ ನಾನು ಟೇಪು ಅಂಟಿಸುವಾಗ ಅದು ಸುರುಳಿಯಿಂದ ಬಿಚ್ಚುವ ಸದ್ದು ಅವಳಿಗೆ ಕೇಳಿಸಬಾರದೆಂದು ನಾನೂ ಮೆಲ್ಲಗೆ ಎಳೆಯುತ್ತಿದ್ದೆ.

ಹಾರ್ಡ್‌ವೇರ್ ಅಂಗಡಿಗೆ ಅವಳನ್ನು ಮೊದಲ ಸಲ ಮತ್ತೆ ಕರೆದುಕೊಂಡು ಹೋದಾಗ ಸಾಹುಕಾರರು ಎದ್ದು ನಿಂತರು. ಅವರ ಬಾಯಲ್ಲಿ ತಮಾಷೆ ಬರಲಿಲ್ಲ. "ಬಾರವ್ವ, ಕುಂತ್ಕ" ಎಂದು ಸ್ಟೂಲ್ ಕೊಟ್ಟು ಒಂದು ಹಿಡಿ ಬ್ರಷ್ ತಂದು ಅವಳ ಮಡಿಲಿಗೆ ಹಾಕಿದರು.

ಅವಳ ಬೆರಳು ಮೊದಲಿನಂತೆಯೇ ಚುರುಕಾಗಿತ್ತು. ಧೈರ್ಯ ಮಾತ್ರ ಇರಲಿಲ್ಲ. ಒಂದೊಂದು ಬ್ರಷ್ಷನ್ನು ಬಾಗಿಸಿ, ಎಳೆದು, ಕೆನ್ನೆಗೆ ಸವರಿ, ಹಿಡಿ ತಿರುಚಿ, ಇನ್ನೊಮ್ಮೆ ತಿರುಚಿ, ಕೆಳಗಿಟ್ಟು, ಮತ್ತೆ ಅದನ್ನೇ ಹುಡುಕಿ ಎತ್ತಿಕೊಂಡು ತಿರುಚಿದಳು. ಬೇರೆ ಗಿರಾಕಿಗಳು ಬಂದು ಹೋದರು. ಕೊನೆಗೆ ಒಂದನ್ನು ನನ್ನ ಕಡೆ ಚಾಚಿ, "ಇದು ಸರಿ ಐತಾ ನೋಡು ಮಾವ. ನನ್ನ ಕೈ ಮ್ಯಾಲೆ ನಂಗೆ ನಂಬಿಕೆ ಇಲ್ಲ" ಎಂದಳು. ಸಾಹುಕಾರರು ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ನಾನು "ಸರಿ ಐತೆ" ಎಂದೆ. ಅವಳ ಕೈಯ ಮೇಲಿನ ಆ ನಂಬಿಕೆಯನ್ನು ಕಿತ್ತುಕೊಂಡವನು ನಾನೇ ಎಂದು ಗೊತ್ತಿದ್ದೂ ಅಷ್ಟೇ ಹೇಳಿದೆ. ಆಮೇಲೆ ಪ್ರತಿ ಸಲವೂ ಹಾಗೇ ಆಗುತ್ತಿತ್ತು. ಕೊನೆಕೊನೆಗೆ ನನಗೆ ಅಂಗಡಿಯೊಳಗೆ ನಿಲ್ಲಲಾಗದೆ "ಸಾಕು ಬಾರೇ" ಎಂದು ರೇಗಿದ್ದೂ ಉಂಟು.

ಯುಗಾದಿಗೆ ಮನೆ ತೊಳೆಯುವ ದಿನ ನಾನು ಅರ್ಧ ದಿನದ ಕೆಲಸ ಮುಗಿಸಿ ಮಧ್ಯಾಹ್ನಕ್ಕೆ ಮನೆಗೆ ಬಂದೆ. ಹೊಸ್ತಿಲ ಮೇಲೆ ಅವಳು ಕೂತಿದ್ದಳು. ಪಕ್ಕದ ಮನೆಯಾಕೆ ಅಟ್ಟದಿಂದ ಪಾತ್ರೆಗಳನ್ನು ಇಳಿಸಿಕೊಟ್ಟು ಹೋಗಿದ್ದಳು. ಅಂಗಳದ ತುಂಬ ಪಾತ್ರೆ. ಅವಳ ಮಡಿಲಲ್ಲಿ ಗೋಣಿಚೀಲ, ಅದರ ಮೇಲೆ ಆ ಬ್ರಷ್. ಅವಳ ಹೆಬ್ಬೆರಳು ಹುರಿಯ ಗಂಟಿನ ಮೇಲೆ ಹಿಂದೆ ಮುಂದೆ ಓಡಾಡುತ್ತಿತ್ತು.

"ಮಾವ, ಇದು ನಾನು ಕಟ್ಟಿದ ಗಂಟು."

ನಾನು ಬೈಕಿನ ಕೀಲಿ ಕೈಯಲ್ಲಿ ಹಿಡಿದು ನಿಂತೆ.

"ಸುಣ್ಣದ ವಾಸನೆ ಇಲ್ಲ ಇದಕ್ಕೆ. ಒಂದು ಸಲನೂ ಸುಣ್ಣಕ್ಕೆ ಅದ್ದಿಲ್ಲ."

"ಇಲ್ಲ" ಎಂದೆ.

"ಹಂಗಾದ್ರೆ ಅವತ್ತಿನ ಬ್ರಷ್ ಯಾವುದು?"

ಹೇಳಿದೆ. ಬಕೆಟಿನಲ್ಲಿ ಮರೆತದ್ದು, ಹೊಳಲ್ಕೆರೆಯಲ್ಲಿ ಕೊಂಡದ್ದು, ಅವಳು ನಕ್ಕಾಳೆಂದು ಫೋನ್ ಮಾಡದೇ ಹೋದದ್ದು, ಬಚ್ಚಿಟ್ಟದ್ದು, ಎಲ್ಲ. ಹೇಳುತ್ತಾ ಅವಳ ಕಾಲ ಹತ್ತಿರ ಕೂತೆ. ಅವಳ ಹೆಬ್ಬೆರಳು ಗಂಟಿನ ಮೇಲೆಯೇ ನಿಂತಿತ್ತು.

"ಮರೆಯೋದು ಯಾರಿಗಾದ್ರೂ ಆಗ್ತೈತೆ" ಎಂದಳು ಆಮೇಲೆ. "ಅದಕ್ಕೆ ನಾನೇನೂ ಅನ್ನಲ್ಲ. ಆದ್ರೆ ನಾನು ದಿನಾ ನನ್ನ ಕೈಯನ್ನ ಬೈಕಂಡು ಕುಂತಿದ್ದು ನಿಂಗೆ ಕಾಣ್ತಿತ್ತು. ನಂಗೆ ಕಣ್ಣಿಲ್ಲ. ನಿಂಗೆ ಇತ್ತಲ್ಲ?"

ನಾನು ಅವಳ ಪಾದ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಒಲೆ ಹಚ್ಚಿ ನನಗೆ ಊಟಕ್ಕೆ ಬಡಿಸಿದಳು. ಹಬ್ಬದ ದಿನ ಬೇವುಬೆಲ್ಲವನ್ನೂ ಕೊಟ್ಟಳು. ಹಬ್ಬ ಕಳೆದ ಮೇಲೆ, "ಅಕ್ಕನ ಮನೀಗೆ ಬಿಟ್ಟು ಬರ್ರಿ" ಎಂದಳು.

ಬರ್ರಿ ಎಂದಾಗಲೇ ನನಗೆ ತಿಳಿಯಿತು. ಇಷ್ಟು ವರ್ಷದಲ್ಲಿ ಒಂದು ಸಲವೂ ನನ್ನನ್ನು ಬಹುವಚನದಲ್ಲಿ ಕರೆದವಳಲ್ಲ. ಬೈದರೂ, ಜಗಳವಾಡಿದರೂ ನೀನು ಎಂದೇ ಬೈದವಳು. ಹಿರಿಯೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಗಾಳಿಗೆ ಮುಖವೊಡ್ಡಿದ್ದಳು. ಒಂದೇ ಸಲ ಮಾತಾಡಿದಳು. "ಟಿಕೆಟ್ ತಗಂಡ್ರಾ?"

ಅವಳ ಅಕ್ಕ ಗಂಡ ತೀರಿಕೊಂಡು, ಹತ್ತಾರು ಕುರಿ ಇಟ್ಟುಕೊಂಡು ತವರಿನ ಊರಿನಲ್ಲೇ ಇರುವವಳು. ನಮ್ಮಿಬ್ಬರ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿದಳು, ಕೇಳಲಿಲ್ಲ.

ಅಮಾವಾಸ್ಯೆಯ ದಿನ ನಮ್ಮ ಕಡೆ ಹೊಸ ಕೆಲಸ ಶುರು ಮಾಡುವುದಿಲ್ಲ. ಆ ದಿನ ತಪ್ಪದೆ ಅಲ್ಲಿಗೆ ಹೋಗತೊಡಗಿದೆ. ಅವಳು ನನ್ನ ಜೊತೆ ಮಾತು ಬಿಡಲಿಲ್ಲ. "ಬರ್ರಿ, ಕುಂತ್ಕಳ್ರಿ, ನೀರು ಕುಡೀರಿ" ಎನ್ನುತ್ತಾಳೆ. ಯಾವ ಕುರಿ ಮರಿ ಹಾಕಿತು, ಯಾವುದಕ್ಕೆ ಕಾಲುಬಾಯಿ ಜ್ವರ, ಎಲ್ಲ ಹೇಳುತ್ತಾಳೆ. ಊರಿಗೆ ಬಂದ ನೆಂಟರ ಜೊತೆ ಹೇಗೆ ಮಾತಾಡುತ್ತಾರೋ ಹಾಗೆ. ಅಲ್ಲಿ ಅವಳು ಮತ್ತೆ ಉಣ್ಣೆ ಆರಿಸುತ್ತಾಳೆ. ಅವಳ ಕೈಗೆ ಹಳೆಯ ಧೈರ್ಯ ಬಂದಿದೆ ಎಂದು ಅಕ್ಕ ಹೇಳಿದಳು. ನಾನಿದ್ದಾಗ ಬಾರದಿದ್ದ ಧೈರ್ಯ. ಕೇಳಿ ಸಂತೋಷವಾಯಿತು. ಬಸ್ಸು ಹತ್ತಿದ ಮೇಲೆ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು ಊರು ಬರುವವರೆಗೂ ಅದೇ ಮಾತನ್ನು ನೆನೆದೆ.

ಒಂದು ವರ್ಷ ಕಳೆದ ಮೇಲೆ ಅಕ್ಕ ಕೇಳಿದಳು. "ಒಳಗಿನ ಎರಡು ಕೋಣೆ ಹೊಗೆ ಹಿಡಿದು ಕರ್ರಗಾಗ್ಯಾವೆ. ನೀನೇ ಬಳಿದು ಕೊಡಪ್ಪ, ಬ್ಯಾರೆಯವರನ್ನ ಯಾಕೆ ಕರೀಲಿ?"

ನಾನು ಅವಳ ಕಡೆ ನೋಡಿದೆ. ಅವಳು ಕೇಳಿಸಿಕೊಂಡರೂ ಉಣ್ಣೆ ಬಿಡಿಸುತ್ತಲೇ ಇದ್ದಳು.

ಮಾತಾಡಿಕೊಂಡ ದಿನ ಬೆಳಿಗ್ಗೆ ನಾನು ನನ್ನ ಚೀಲ ಹಿಡಿದು ಹೋದರೆ ಬಾಗಿಲ ಗೂಟಕ್ಕೆ ಒಂದು ಹೊಸ ಚೀಲ ನೇತಾಡುತ್ತಿತ್ತು. ಹಿಂದಿನ ದಿನ ಅಕ್ಕನನ್ನು ಕರೆದುಕೊಂಡು ಹಿರಿಯೂರಿಗೆ ಹೋಗಿ ಅವಳೇ ಆರಿಸಿ ತಂದಿದ್ದಳಂತೆ. ಬಿಚ್ಚಿ ನೋಡಿದೆ. ನಾಲ್ಕಿಂಚಿನ ಬ್ರಷ್ ಒಂದು, ಅಂಚಿಗೆ ಎರಡಿಂಚಿನದೊಂದು, ಗೋಡೆಗೆ ಗಿಡ್ಡ ಜುಂಗಿನ ರೋಲರ್, ಸೂರಿಗೆ ಇನ್ನೊಂದು. ಗೋಡೆಗೊರಗಿಸಿದ ಉದ್ದನೆಯ ಕೋಲು. ಚೀಲದ ತಳದಲ್ಲಿ ಪ್ಲಾಸ್ಟಿಕ್ಕಿನ ಕನ್ನಡಕ, ಕಣ್ಣಿನ ಸುತ್ತ ಗಾಳಿಯೂ ಹೋಗದ ಹಾಗೆ ಮುಚ್ಚುವಂಥದ್ದು.

ಅವಳು ಜಗುಲಿಯ ಮೇಲೆ ಉಣ್ಣೆ ಬಿಡಿಸುತ್ತಾ ಕೂತಿದ್ದಳು. ನನ್ನ ಕಡೆ ತಿರುಗದೆ, "ಕನ್ನಡಕ ಹಾಕ್ಕಂಡು ಬಳಿಯಾಕೆ ಹೇಳಕ್ಕ" ಎಂದಳು.

ಹಾಕಿಕೊಂಡೆ. ಸೂರಿಗೆ ರೋಲರ್ ಹಿಡಿದೆ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಕನ್ನಡಕದೊಳಗೆ ಮಂಜು ಕಟ್ಟಿ ಏನೂ ಕಾಣದಾಯಿತು. ರೋಲರ್ ನಿಲ್ಲಿಸಿ ಕನ್ನಡಕ ತೆಗೆದು ಅಂಗಿಯಿಂದ ಒರೆಸಿದೆ, ಕಣ್ಣನ್ನೂ ಒರೆಸಿಕೊಂಡೆ.

ಹೊರಗಿನಿಂದ ಅವಳ ದನಿ ಬಂತು. "ರೋಲರ್ ಯಾಕೆ ನಿಂತೈತೆ ಕೇಳಕ್ಕ."

ಅಕ್ಕ ಒಳಗೆ ಬಂದು ನನ್ನನ್ನು ನೋಡಿದಳು. "ಏನಿಲ್ಲ, ಬಣ್ಣ ಕಲಸ್ತಾ ಅವ್ನೆ" ಎಂದು ಕೂಗಿ ಹೇಳಿದಳು.

ಸಂಜೆಯ ಹೊತ್ತಿಗೆ ಮೊದಲ ಸುತ್ತು ಮುಗಿಯಿತು. ಅಂಚಿನ ಗೆರೆ ನನ್ನ ಕೈಯಲ್ಲಿ ಅಲ್ಲಲ್ಲಿ ಸೊಟ್ಟಗಾಗಿತ್ತು. ಕೈಕಾಲು ತೊಳೆದು ಬಂದು ಜಗುಲಿಯ ಮೇಲೆ ಅವಳಿಗಿಂತ ಸ್ವಲ್ಪ ದೂರ ಕೂತೆ. ಅಕ್ಕ ಕುರಿಗಳನ್ನು ಕೂಡಿಹಾಕಲು ಹೋಗಿದ್ದಳು. ಒಂದು ವರ್ಷದಿಂದ ಕೇಳಬೇಕೆಂದು ಕೇಳದೆ ಇದ್ದದ್ದನ್ನು ಕೇಳಿದೆ.

"ಮನೀಗೆ ಹೋಗಾಣ ಬಾರೇ."

ಅವಳು ಉಣ್ಣೆ ಬಿಡಿಸುವುದನ್ನು ನಿಲ್ಲಿಸಿದಳು. ಯೋಚನೆ ಮಾಡಿಯೇ ಉತ್ತರ ಕೊಟ್ಟಳು, ಸಿಟ್ಟಿರಲಿಲ್ಲ.

"ನಿಮ್ಮ ಮ್ಯಾಲೆ ನಂಗೆ ಕೋಪ ಇಲ್ಲ. ಸುಳ್ಳು ಹೇಳ್ತಿಲ್ಲ. ಆದ್ರೆ ಆ ಮನೀಗೆ ಬಂದ್ರೆ ನಾನು ಪ್ರತಿಯೊಂದು ಸಾಮಾನ್ನೂ ಮುಟ್ಟಿ ಮುಟ್ಟಿ ನೋಡ್ತೀನಿ, ಇನ್ನೇನು ಬಚ್ಚಿಟ್ಟೀರೋ ಅಂತ. ನಂಗೆ ಹಂಗೆ ಬದುಕಾಕೆ ಆಗಲ್ಲ. ನಿಮಗೂ ಆಗಲ್ಲ."

ಅವಳು ಕೈ ಚಾಚಿ ನನ್ನ ಕೈ ಹುಡುಕಿದಳು. ಮೊಣಕೈ ಸಿಕ್ಕಿತು. ಅದರ ಮೇಲೆ ಒಣಗಿದ್ದ ಬಣ್ಣವನ್ನು ಉಗುರಿನಿಂದ ಕೆರೆದು ತೆಗೆದಳು. ಅಷ್ಟು ಮಾಡಿ ಮತ್ತೆ ಉಣ್ಣೆಗೆ ಕೈ ಹಾಕಿದಳು.

ಸೂರಿಗೆ ಎರಡನೆಯ ಸುತ್ತು ಬಾಕಿ ಇತ್ತು. ಮುಂದಿನ ಅಮಾವಾಸ್ಯೆಗೆ ಹೋದೆ. ಅವಳು ಇರಲಿಲ್ಲ. ಓಣಿಯ ಹೆಂಗಸರ ಜೊತೆ ಹಾಲುರಾಮೇಶ್ವರದ ದೇವಸ್ಥಾನಕ್ಕೆ ಹೋಗಿದ್ದಾಳೆ ಎಂದಳು ಅಕ್ಕ.

"ನೀನು ಬರೋದು ಗೊತ್ತಿದ್ದೇ ಹೋದ್ಲಪ್ಪ" ಎಂದೂ ಹೇಳಿದಳು. "ಊಟ ಮಾತ್ರ ತಾನೇ ಬಡಿಸಿ ಮುಚ್ಚಿಟ್ಟು ಹೋಗ್ಯಾಳೆ. ಉಂಡೇ ಹೋಗ್ಬೇಕಂತೆ."

ಎರಡನೆಯ ಸುತ್ತು ಮುಗಿಸಿ, ನೆಲ ಒರೆಸಿ, ಅಡುಗೆಮನೆಯಲ್ಲಿ ಕೂತು ಉಂಡೆ. ಮುದ್ದೆ ತಣ್ಣಗಾಗಿತ್ತು. ತಟ್ಟೆ ತೊಳೆದಿಟ್ಟು ಬಸ್ಸಿಗೆ ನಡೆದೆ.